ಕಂತೆಗೆ ತಕ್ಕ ಬೊಂತೆ

ನೂಲಿನ ಹಳೆ ಸೀರೆ ಕೌದಿಯಾಗುತ್ತಿತ್ತು. ಜಾರುವ ಪಾಲಿಯೆಸ್ಟರ್ ಸೀರೆ ಏನಾಗಬೇಕು? ಸೂಜಿಗೆ ಒಗ್ಗದ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಕ್ರೋಶಾ ಕಡ್ಡಿಯಲ್ಲಿ ಹೆಣೆದು ಹೊದಿಕೆ ಮಾಡಿದ ಒಂದು ಚಳಿಗಾಲದ ಕಥನ ಇದು.

ಅವ್ವನ ಟ್ರಂಕು ತೆಗೆದ ದಿನ ಸೀರೆಗಳು ಎರಡು ರಾಶಿಯಾದವು. ರಾಶಿ ಮಾಡಿದವರು ಕೌದಿ ಹೊಲಿಯಲು ಬಂದಿದ್ದ ಅಜ್ಜಿ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಒಂದೊಂದೇ ಸೀರೆ ಎತ್ತಿಕೊಳ್ಳುತ್ತಿದ್ದರು. ಸೆರಗಿನ ತುದಿಯನ್ನು ಎರಡು ಬೆರಳ ನಡುವೆ ತಿಕ್ಕಿ, ಒಂದು ಗಳಿಗೆ ಸುಮ್ಮನಿದ್ದು, ಎಡಕ್ಕೋ ಬಲಕ್ಕೋ ಇಡುತ್ತಿದ್ದರು. ಎಡಕ್ಕೆ ಹೋದವು ನೂಲಿನ ಇಳಕಲ್ ಸೀರೆಗಳು, ಒಗೆದೂ ಒಗೆದೂ ಬಣ್ಣ ಇಳಿದ ಹತ್ತಿ ಸೀರೆಗಳು, ಅಪ್ಪನ ಎರಡು ಧೋತರ. ಬಲಕ್ಕೆ ಹೋದವು ಪಾಲಿಯೆಸ್ಟರ್, ಜಾರ್ಜೆಟ್, ಮದುವೆ ಮನೆಗಳಲ್ಲಿ ಉಡುಗೊರೆ ಬಂದ ಹೊಳೆಯುವ ಸೀರೆಗಳು. ಬಲಗಡೆಯ ರಾಶಿಯೇ ದೊಡ್ಡದಾಯಿತು.

“ಇವ್ಯಾಕ ಬ್ಯಾಡಾದುವಬೇ?” ಎಂದು ಅವ್ವ ಕೇಳಿದಳು.

“ಇವು ಸೂಜಿ ಮಾತು ಕೇಳೂದಿಲ್ಲವ್ವಾ. ಹಿಡದ್ರ ಜಾರತಾವ. ಬೆವರಂತೂ ಕುಡಿಯೂದೇ ಇಲ್ಲ. ಇವನ್ನ ಹಾಕಿ ಹೊಲದ್ರ ನನ್ನ ಕೈಗೆ ಕೆಟ್ಟ ಹೆಸರ ಬರತೈತಿ, ಹೊದ್ದವರಿಗೆ ನಿದ್ದಿ ಬರೂದಿಲ್ಲ.”

‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅಂಥವರಿಗೆ ಅಂಥವರೇ ಜೊತೆಯಾದರು ಎನ್ನುವಾಗ ಹಿರಿಯರು ಆಡುವ ಮಾತು ಅದು. ಕಂತೆ ಎಂದರೂ ಬೊಂತೆ ಎಂದರೂ ಹಳೆ ಬಟ್ಟೆ ಕೂಡಿಸಿ ಹೊಲಿದ ಹೊದಿಕೆಯೇ. ಆ ಅಜ್ಜಿಯ ಬೆರಳುಗಳನ್ನು ನೋಡುತ್ತ ಕೂತಾಗ ಗಾದೆಯ ಬೇರೊಂದು ಅರ್ಥ ನನಗೆ ತೆರೆದುಕೊಂಡಿತು. ಬಟ್ಟೆ ಎಂಥದೋ ಹೊದಿಕೆಯೂ ಅಂಥದೇ ಆಗಬೇಕು. ಬಟ್ಟೆ ಬದಲಾದರೆ ಕೈಕೆಲಸವೂ ಬದಲಾಗಬೇಕು. ಬಲಗಡೆಯ ರಾಶಿಗೂ ಅದರದೇ ಆದ ಒಂದು ಬೊಂತೆ ಇರಲೇಬೇಕು. ಅದನ್ನು ಹುಡುಕುವ ಕೆಲಸ ನಮ್ಮದು.

ಎಡಗಡೆಯ ರಾಶಿ

ನಮ್ಮದು ಎರೆಮಣ್ಣಿನ ಸೀಮೆ. ಹೊಲದ ತುಂಬ ಹತ್ತಿ, ಮನೆಯ ತುಂಬ ನೂಲಿನ ಬಟ್ಟೆ. ಹಬ್ಬಕ್ಕೆ ಉಟ್ಟ ಸೀರೆ ಕೆಲವು ವರ್ಷಕ್ಕೆ ದಿನಬಳಕೆಗೆ ಇಳಿಯುತ್ತಿತ್ತು. ಅದೂ ಪಿಸಿಯತೊಡಗಿದರೆ ಒಂದು ತುಂಡು ಕೂಸಿನ ಜೋಳಿಗೆಗೆ, ಉಳಿದದ್ದು ಕೌದಿಯ ಗಂಟಿಗೆ. ಸುಗ್ಗಿ ಮುಗಿದು ಕೈ ಬಿಡುವಾದಾಗ ಕೌದಿ ಹೊಲಿಯುವವರು ಊರಿಗೆ ಬರುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಗೊಂಧಳಿ ಸಮುದಾಯದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೆಸರಾದವರು. ಗಂಟು ಬಿಚ್ಚಿ ಬಟ್ಟೆ ನೋಡಿದೊಡನೆ ಇದರಲ್ಲಿ ದೊಡ್ಡದೆಷ್ಟು, ಕೂಸಿನದೆಷ್ಟು ಎಂದು ಅವರು ಹೇಳಿಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಕೂಲಿ ಎಂದರೆ ಜೋಳ, ಒಂದಿಷ್ಟು ರೊಕ್ಕ, ಕೆಲಸ ಮುಗಿಯುವವರೆಗೆ ಮಧ್ಯಾಹ್ನದ ರೊಟ್ಟಿ.

ಗುಡಿಯ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಅಡಿಗೆ ಒಂದು ಗಟ್ಟಿ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಡುತ್ತಿದ್ದರು. ಅದರ ಮೇಲೆ ಹರಿದ ಧೋತರ, ಪಿಸಿದ ಸೀರೆಗಳನ್ನು ಪದರ ಪದರವಾಗಿ ಹರವಿ, ಎಲ್ಲಕ್ಕೂ ಮೇಲೆ ಕಣ್ಣಿಗೆ ಚೆಂದ ಕಾಣುವ ತುಣುಕುಗಳು ಬರುತ್ತಿದ್ದವು. ಗುಳೇದಗುಡ್ಡದ ಖಣದ ಚೌಕ, ಇಳಕಲ್ ಸೆರಗಿನ ಕೆಂಪು, ಅಣ್ಣನ ಶಾಲೆಯ ಅಂಗಿಯ ನೀಲಿ. ದೊಡ್ಡ ಸೂಜಿ, ದಪ್ಪ ನೂಲು. ಅಂಚಿನಿಂದ ಹೊರಟ ಹೊಲಿಗೆ ಬೆರಳಗಲದ ಅಂತರದಲ್ಲಿ ಸುತ್ತು ಹಾಕುತ್ತ ಒಳಗೊಳಗೆ ಸರಿಯುತ್ತಿತ್ತು. ಹೊಲಿಯುವವರು ಕೌದಿಯ ಮೇಲೆಯೇ ಕೂತಿರುತ್ತಿದ್ದರು. ಸುತ್ತು ಸಣ್ಣದಾದಂತೆ ಅವರೂ ನಡುವಿಗೆ ಸರಿಯುತ್ತಿದ್ದರು.

ನಟ್ಟನಡುವೆ ಅಂಗೈಯಗಲ ಜಾಗ ಉಳಿದಾಗ ಸೂಜಿ ನಿಲ್ಲುತ್ತಿತ್ತು. “ಕೌದಿ ಹೊಟ್ಟಿ ತುಂಬಸ್ರೆವ್ವಾ” ಎಂದು ಕೂಗಿದರೆ ಅವ್ವ ಒಳಗಿಂದ ನಾಲ್ಕು ಅಕ್ಕಿಕಾಳು, ಚೂರು ಬೆಲ್ಲ ತಂದು ಕೊಡುತ್ತಿದ್ದಳು. ಅದನ್ನು ಪದರದೊಳಗೆ ಇಟ್ಟು ಕೊನೆಯ ತುಣುಕು ಮುಚ್ಚಿ ಹೊಲಿಯುತ್ತಿದ್ದರು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ.

ಬೆಚ್ಚಗಿಡುವ ಗುಟ್ಟು ಪದರಗಳಲ್ಲಿದೆ. ಕೌದಿ ತಾನಾಗಿ ಕಾವು ಹುಟ್ಟಿಸುವುದಿಲ್ಲ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಾಡದೆ ನಿಂತು ನಮ್ಮ ಮೈಕಾವನ್ನು ಹೊರಗೆ ಬಿಡದೆ ಕಾಯುತ್ತದೆ. ಹತ್ತಿರ ಹತ್ತಿರದ ಹೊಲಿಗೆ ಸಾಲುಗಳು ಆ ಗಾಳಿಗೆ ಒಡ್ಡು ಕಟ್ಟುತ್ತವೆ. ಇನ್ನು ಹತ್ತಿ. ಅದು ತನ್ನ ತೂಕದ ಸುಮಾರು ಶೇ 8ರಷ್ಟು ತೇವವನ್ನು ಸುತ್ತಲ ಗಾಳಿಯಿಂದಲೇ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ 1ಕ್ಕೂ ಕಡಿಮೆ. ‘ಬೆವರು ಕುಡಿಯೂದಿಲ್ಲ’ ಎಂದು ಅಜ್ಜಿ ಹೇಳಿದ್ದು ಇದನ್ನೇ. ಪ್ರಯೋಗಶಾಲೆ ಅಳೆದು ಹೇಳುವುದನ್ನು ಅವರ ಬೆರಳು ಮುಟ್ಟಿ ಹೇಳಿತ್ತು.

ಅಂಚಿನಿಂದ ನಡುವಿಗೆ

ಹಳೆ ಬಟ್ಟೆಗೆ ಮರುಹುಟ್ಟು ಕೊಡುವ ಈ ವಿದ್ಯೆ ನಮ್ಮೊಬ್ಬರದಲ್ಲ. ಮರಾಠಿಗರಿಗೆ ಗೋಧಡಿ, ಬಂಗಾಳಿಗಳಿಗೆ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ಮರಳುಸೀಮೆಯಲ್ಲಿ ರಲ್ಲಿ. ಬುದ್ಧನ ಕಾಲದ ಭಿಕ್ಷುಗಳು ದಾರಿಯಲ್ಲಿ, ಸ್ಮಶಾನದಲ್ಲಿ ಬಿದ್ದ ಚಿಂದಿ ಆಯ್ದು, ತೊಳೆದು, ಕೂಡಿಸಿ ಚೀವರ ಹೊಲಿದುಕೊಳ್ಳುತ್ತಿದ್ದರು. ಪಾಂಸುಕೂಲ ಎಂದರೆ ಅದೇ, ಧೂಳಿನಿಂದ ಎತ್ತಿಕೊಂಡ ಬಟ್ಟೆ.

ಆದರೆ ಕೌದಿ ಎಂದಾಗ ನಾನು ಮೊದಲು ನೆನೆಯಬೇಕಾದವರು ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು. ಸಿದ್ದಿಗಳ ಹಿರೀಕರು ಆಫ್ರಿಕಾದವರು. ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನಲ್ಲಿ ಇಂದು ಅವರ ಹಳ್ಳಿಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಅವರ ಕೌದಿಯೂ ಅಂಚಿನಿಂದಲೇ ಹುಟ್ಟಿ ಸುತ್ತು ಸುತ್ತಾಗಿ ನಡುವಿಗೆ ಬೆಳೆಯುತ್ತದೆ. ಕೆಂಪಿನ ಪಕ್ಕ ಹಸಿರು, ಹಳದಿಯ ಪಕ್ಕ ನೇರಳೆ, ಬಣ್ಣದ ಭಯವೇ ಇಲ್ಲ. ಶಿಲುಬೆ ಇರುವ ಕೌದಿಗಳುಂಟು, ಚಂದ್ರ ಇರುವವುಂಟು. ನಾಲ್ಕು ಮೂಲೆಗೆ ಮಡಚಿ ಮಡಚಿ ಹೊಲಿದ ತ್ರಿಕೋನದ ತುಣುಕುಗಳಿರುತ್ತವೆ. ಅವಕ್ಕೆ ‘ಫೂಲ’ ಎಂದು ಹೆಸರು, ಹೂವು. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಬಡತನದ ಬಟ್ಟೆಗೂ ಹೂವು ಮುಡಿಸಿ ಕಳಿಸುವ ಆ ಹಟ ದೊಡ್ಡದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂಯಲ್ ಈ ಕೌದಿಗಳನ್ನು ಅಭ್ಯಾಸ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಹುಟ್ಟಿಕೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಇವು ತೂಗಿದವು. ನೆಲಕ್ಕೆ ಹಾಸಿದ್ದನ್ನು ಗೋಡೆಗೆ ಏರಿಸಿದಾಗ ಲೋಕ ಅದನ್ನು ಕಲೆ ಎಂದಿತು. ಹಾಸಿದ್ದಾಗಲೂ ಅದು ಕಲೆಯೇ ಆಗಿತ್ತು.

ಬಲಗಡೆಯ ರಾಶಿ

ಮತ್ತೆ ಅವ್ವನ ಟ್ರಂಕಿಗೆ ಬರುತ್ತೇನೆ. ಅದರ ಅಡಿಯಲ್ಲಿದ್ದವು ನೂಲಿನ ಸೀರೆಗಳು, ಮೇಲಿದ್ದವು ಪಾಲಿಯೆಸ್ಟರ್. ಕೆರೆಯ ಹೂಳಿನ ಹಾಗೆ ಆ ಟ್ರಂಕಿನಲ್ಲಿ ಕಾಲ ಪದರ ಪದರವಾಗಿ ಕೂತಿತ್ತು. ಸಿಂಥೆಟಿಕ್ ಸೀರೆಯನ್ನು ಹೆಣ್ಣುಮಕ್ಕಳು ಇಷ್ಟಪಟ್ಟು ಉಟ್ಟರು, ಅದಕ್ಕೆ ಕಾರಣಗಳಿದ್ದವು. ಗಂಜಿ ಬೇಡ, ಇಸ್ತ್ರಿ ಬೇಡ, ರಾತ್ರಿ ಒಗೆದು ಹಾಕಿದರೆ ಬೆಳಗಿಗೆ ಉಡಬಹುದು, ಬೆಲೆಯೂ ಕಡಿಮೆ. ಹೊಲ, ಮನೆ, ಆಫೀಸು ಮೂರನ್ನೂ ತೂಗಿಸುವವಳಿಗೆ ಅದು ಸಣ್ಣ ಅನುಕೂಲವಲ್ಲ. ತೊಂದರೆ ಬಂದದ್ದು ಸೀರೆ ಹಳೆಯದಾದ ಮೇಲೆ. ನೂಲಿನ ಸೀರೆ ಹಳೆಯದಾದಷ್ಟೂ ಮೆತ್ತಗಾಗುತ್ತದೆ. ಪಾಲಿಯೆಸ್ಟರ್ ಮೆತ್ತಗಾಗುವುದಿಲ್ಲ, ಪಿಸಿಯುವುದಿಲ್ಲ, ತಿಪ್ಪೆಗೆ ಹಾಕಿದರೆ ಮಣ್ಣಿನೊಂದಿಗೆ ಬೆರೆಯುವುದೂ ಇಲ್ಲ.

ಮೊದಲು ಪಾತ್ರೆಯವರು ಬರುತ್ತಿದ್ದರು. ಹಳೆ ಸೀರೆಗೆ ಸ್ಟೀಲಿನ ಡಬ್ಬಿ, ತಾಟು ಕೊಟ್ಟು ಹೋಗುತ್ತಿದ್ದರು. ನಮ್ಮ ಓಣಿಯಲ್ಲಿ ಆ ಕೂಗು ಕೇಳಿ ವರ್ಷಗಳಾದವು. ಹರಿಯಾಣದ ಪಾಣಿಪತ್‌ನಲ್ಲಿ ಹೊರದೇಶಗಳಿಂದ ಬಂದ ಹಳೆ ಉಣ್ಣೆ ಬಟ್ಟೆಗಳನ್ನು ಯಂತ್ರದಲ್ಲಿ ಎಳೆ ಎಳೆಯಾಗಿ ಬಿಡಿಸಿ, ಮತ್ತೆ ನೂತು, ಕಂಬಳಿ ಮಾಡುವ ಉದ್ಯಮವೇ ಇದೆ. ನೆರೆ, ಭೂಕಂಪದ ಹೊತ್ತಿನಲ್ಲಿ ಹಂಚುವ ಅಗ್ಗದ ಕಂಬಳಿಗಳು ಅಲ್ಲಿ ತಯಾರಾಗುತ್ತವೆ. ಅದು ಗಿರಣಿಗಳ ಲೋಕ. ನಮ್ಮ ಪಡಸಾಲೆಯ ರಾಶಿಗೆ ಪಡಸಾಲೆಯಲ್ಲೇ ಉತ್ತರ ಬೇಕಿತ್ತು.

ಉತ್ತರ ಸಿಕ್ಕಿದ್ದು ಪಕ್ಕದ ಮನೆಯಲ್ಲಿ. ಅಲ್ಲಿರುವವರು ನಿವೃತ್ತ ಹೊಲಿಗೆ ಶಿಕ್ಷಕಿ. ಓಣಿಗೆಲ್ಲ ಅವರು ಟೀಚರಕ್ಕ. ಒಂದು ಕಾಲಕ್ಕೆ ಟಿ.ವಿ. ಮೇಲಿನ ಹೊದಿಕೆ, ಕುರ್ಚಿಯ ಬೆನ್ನಿನ ಜಾಲರಿ, ಬಾಗಿಲ ತೋರಣ ಎಲ್ಲವೂ ಅವರ ಕ್ರೋಶಾ ಕಡ್ಡಿಯಿಂದ ಇಳಿದವೇ. ರಾಶಿ ನೋಡಿ ಅವರು ಒಂದೇ ಮಾತು ಹೇಳಿದರು: “ಸೂಜಿಗೆ ಜಾರೂ ಬಟ್ಟಿ ಕಡ್ಡಿಗೆ ಸಿಕ್ಕರ ಜಾರಿ ಎಲ್ಲಿ ಹೋಗತೈತೆವಾ? ಕುಣಿಕಿ ಹಾಕಿ ಹಿಡಿಯೂಣು.”

ಸೀರೆ ಹುರಿಯಾಯಿತು

ಕ್ರೋಶಾ ಎಂಬ ಹೆಸರು ಫ್ರೆಂಚಿನದು, ಕೊಕ್ಕೆ ಎಂದರ್ಥ. ಐರ್ಲೆಂಡಿನಲ್ಲಿ 1845ರ ನಂತರ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಭೀಕರ ಬರ ಬಂದಾಗ, ಹೆಂಗಸರು ಕ್ರೋಶಾ ಲೇಸು ಹೆಣೆದು ಮಾರಿ ಮನೆಯವರ ಜೀವ ಹಿಡಿದರು. ಅದೇ ಶತಮಾನದಲ್ಲಿ ಮಿಷನರಿಗಳ ಮೂಲಕ ಇದು ಗೋದಾವರಿ ದಂಡೆಯ ನರಸಾಪುರಕ್ಕೂ ಬಂತು. ಹೆಣಿಗೆಯ ಸ್ವೆಟರಿಗೆ ಯಂತ್ರ ಬಂದಿದೆ. ನಿಜವಾದ ಕ್ರೋಶಾ ಇವತ್ತಿಗೂ ಕೈಯಲ್ಲೇ ಆಗಬೇಕು. ಒಂದು ಕಡ್ಡಿ, ಒಂದು ಎಳೆ, ಕುಣಿಕೆಯೊಳಗಿಂದ ಕುಣಿಕೆ. ನಾವು ಮಾಡಿದ್ದು ಇಷ್ಟೇ: ಎಳೆಯ ಜಾಗಕ್ಕೆ ಸೀರೆಯ ಪಟ್ಟಿ ತಂದೆವು, ಸಣ್ಣ ಕಡ್ಡಿಯ ಜಾಗಕ್ಕೆ ಕಿರುಬೆರಳಿನ ದಪ್ಪದ್ದು ತಂದೆವು.

ಮೊದಲು ಸೀರೆಗಳನ್ನು ಒಗೆದು ಒಣಗಿಸಿ, ಫಾಲ್ ಬಿಚ್ಚಿ, ಜರಿಯ ಅಂಚು ಕತ್ತರಿಸಿ ತೆಗೆದೆವು. ಅಂಚು ಒರಟು, ಮೈಗೆ ಚುಚ್ಚುತ್ತದೆ. ನೂಲಿನ ಬಟ್ಟೆಯಾದರೆ ತುದಿಗೆ ಒಂದು ಕಚ್ಚು ಹಾಕಿ ಎಳೆದರೆ ಪರ್ರನೆ ನೇರಕ್ಕೆ ಸೀಳುತ್ತದೆ. ಪಾಲಿಯೆಸ್ಟರ್ ಹಾಗಲ್ಲ, ಕತ್ತರಿಯೇ ಆಗಬೇಕು. ಐದೂವರೆ ಮೀಟರ್ ಉದ್ದದ ಸೀರೆಯ ಅಗಲವನ್ನು ಒಂದೂವರೆ ಇಂಚಿನ ಪಟ್ಟಿಗಳಾಗಿ ಕತ್ತರಿಸಿದರೆ ಸುಮಾರು 29 ಪಟ್ಟಿ ಬರುತ್ತವೆ. ಉದ್ದಕ್ಕೆ ಜೋಡಿಸಿದರೆ ಹತ್ತಿರ ಹತ್ತಿರ 160 ಮೀಟರ್. ಅವ್ವ ಒಂದು ಸಲಕ್ಕೆ ಐದೂವರೆ ಮೀಟರ್ ಸುತ್ತಿಕೊಳ್ಳುತ್ತಿದ್ದ ಸೀರೆ, ಹುರಿಯಾಗಿ ಬಿಚ್ಚಿಕೊಂಡರೆ ನಮ್ಮ ಮನೆಯಿಂದ ಓಣಿಯ ಬಾವಿಯವರೆಗೆ ಮುಟ್ಟುವಷ್ಟಾಯಿತು.

ಪಟ್ಟಿಗೆ ಪಟ್ಟಿ ಕೂಡಿಸಲು ಗಂಟು ಹಾಕಬಾರದು, ಮಲಗಿದಾಗ ಒತ್ತುತ್ತದೆ. ಎರಡರ ತುದಿಗೂ ಸಣ್ಣ ಸೀಳು ಮಾಡಿ, ಒಂದರ ಮೇಲೊಂದು ಇಟ್ಟು, ಹೊಸ ಪಟ್ಟಿಯ ಬಾಲವನ್ನು ಎರಡೂ ಸೀಳಿನಲ್ಲಿ ತೂರಿಸಿ ಎಳೆದರೆ ಚಪ್ಪಟೆಯಾಗಿ ಕೂಡಿಕೊಳ್ಳುತ್ತದೆ. ಇನ್ನೂ ಜಾಣತನದ ದಾರಿ ಎಂದರೆ ಪಟ್ಟಿಯನ್ನು ಕೊನೆಯವರೆಗೆ ಕತ್ತರಿಸದೆ ಒಂದು ಇಂಚು ಬಿಟ್ಟು, ಮರುಪಟ್ಟಿಯನ್ನು ಆ ಕಡೆಯಿಂದ ಕತ್ತರಿಸುತ್ತ ಬರುವುದು. ಇಡೀ ಸೀರೆ ಹಾವಿನಂತೆ ಹೊರಳುತ್ತ ಒಂದೇ ಎಳೆಯಾಗುತ್ತದೆ. ಮಕ್ಕಳ ಹಳೆ ಟೀ ಶರ್ಟುಗಳನ್ನು ಕಂಕುಳ ಕೆಳಗೆ ಕತ್ತರಿಸಿ, ಸೇಬಿನ ಸಿಪ್ಪೆ ಸುಲಿದ ಹಾಗೆ ಸುತ್ತಾಗಿ ಕತ್ತರಿಸಿದೆವು. ಆ ಪಟ್ಟಿಯನ್ನು ಎಳೆದು ಬಿಟ್ಟರೆ ಅಂಚು ಒಳಕ್ಕೆ ಸುರುಳಿಗೊಂಡು ದುಂಡನೆಯ ಹುರಿಯಾಗುತ್ತದೆ. ಕ್ರೋಶಾಕ್ಕೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ.

12 ಮಿಲಿಮೀಟರ್ ದಪ್ಪದ ಮರದ ಕಡ್ಡಿ ಹಿಡಿದು 80 ಕುಣಿಕೆಯ ಸರಪಳಿ ಹಾಕಿ ಶುರು ಮಾಡಿದೆ. ನಾಲ್ಕು ಅಡಿ ಅಗಲ ಆಯಿತು. ಮುಖಕ್ಕೆ ತಾಗುವ ಮೊದಲ ನಾಲ್ಕು ಸಾಲು ಟೀ ಶರ್ಟಿನ ಹತ್ತಿಯದೇ ಇರಲಿ ಎಂದು ಟೀಚರಕ್ಕ ಹೇಳಿದರು. ಆಮೇಲೆ ಸೀರೆಗಳು. ಮೊದಲ ವಾರ ನನ್ನ ಕೈ ಬಿಗಿ. ಕಡ್ಡಿ ಒಳಗೆ ಹೋಗದೆ ಬೆರಳ ಸಂದು ನೋಯುತ್ತಿತ್ತು. ಪ್ರತಿ ಸಾಲಿನ ಕೊನೆಯ ಕುಣಿಕೆ ಕಣ್ಣಿಗೆ ಬೀಳದೆ ಬಿಟ್ಟುಹೋಗಿ, ನೋಡನೋಡುತ್ತ ಹೊದಿಕೆ ಮುರುಕು ಮೊರದ ಹಾಗೆ ಒಂದು ಬದಿಗೆ ಕಿರಿದಾಯಿತು. ಹನ್ನೊಂದು ಸಾಲು ಬಿಚ್ಚಿದೆ. ಬಿಚ್ಚಿದ ಪಟ್ಟಿ ಒಂದಿಷ್ಟೂ ಕೆಡದೆ ಮತ್ತೆ ಉಂಡೆಗೆ ಮರಳಿತು. ಕ್ರೋಶಾದ ದೊಡ್ಡ ಗುಣ ಇದು, ತಪ್ಪಿಗೆ ದಂಡ ಹಾಕುವುದಿಲ್ಲ. ಕೌದಿ ಹರಿದರೆ ತೇಪೆ ಬೇಕು. ಇದು ಬಿಚ್ಚಿದರೆ ಮತ್ತೆ ಎಳೆ.

ಸಾಲಿಗೊಂದು ನೆನಪು ಎದುರಾಗುತ್ತಿತ್ತು. ತುರುಬಿಗೆ ಹೂವಿಟ್ಟು ಅವ್ವ ನನ್ನನ್ನು ಹೈಸ್ಕೂಲಿಗೆ ಸೇರಿಸಲು ಬಂದಾಗ ಉಟ್ಟ ನೀಲಿ. ಅಪ್ಪ ಮೊದಲ ಬಾರಿ ತಾನೇ ಆರಿಸಿ ತಂದ, ಅವಳಿಗೆ ಹಿಡಿಸದಿದ್ದರೂ ಹತ್ತು ವರ್ಷ ಉಟ್ಟ ಹಸಿರು. ಕಡ್ಡಿಯ ತುದಿಯಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಬರುವಾಗ ಅವ್ವ ಪಕ್ಕದಲ್ಲಿ ಕೂತು ಅದರ ಕತೆ ಹೇಳುತ್ತಿದ್ದಳು. ಟ್ರಂಕಿನಲ್ಲಿ ಮಡಚಿಟ್ಟಿದ್ದಾಗ ಆ ಸೀರೆಗಳ ಬಗ್ಗೆ ಅವಳು ಎಂದೂ ಮಾತಾಡಿರಲಿಲ್ಲ.

ಲೆಕ್ಕಕ್ಕೆ ಸಿಗದ ದುಡಿಮೆ

ಆರು ಸೀರೆ, ಮೂರು ಟೀ ಶರ್ಟು, 84 ಸಾಲು. ಅಂದರೆ 6,720 ಕುಣಿಕೆ. ಎರಡು ತಿಂಗಳ ಸಂಜೆಗಳು. ಈ ಲೆಕ್ಕ ಹಾಕಿದಾಗ ನನಗೆ ಕೌದಿ ಹೊಲಿದ ಕೈಗಳು ನೆನಪಾದವು. ಅವರು ಹಾಕಿದ ಹೊಲಿಗೆಗಳನ್ನು ಯಾರು ಎಣಿಸಿದ್ದರು? ಜೋಳ ಅಳೆದು ಹಾಕುವಾಗ ನಾವು ನೋಡಿದ್ದು ಕೌದಿಯ ಉದ್ದಗಲವನ್ನು, ಅವರ ಬೆನ್ನಿನ ನೋವನ್ನಲ್ಲ.

ನರಸಾಪುರದ ಲೇಸು ಹೆಣೆಯುವ ಹೆಂಗಸರ ಬಗ್ಗೆ ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರು ಎತ್ತಿ ತೋರಿಸಿದ್ದು ಸರಳವಾದ, ಕಹಿಯಾದ ಸತ್ಯ. ಮನೆಯೊಳಗೆ ಕೂತು ಹೆಣೆಯುವ ಹೆಣ್ಣನ್ನು ಲೋಕ ‘ಗೃಹಿಣಿ’ ಎಂದು ಕರೆಯುತ್ತದೆ, ಅವಳ ದುಡಿಮೆಯನ್ನು ‘ಬಿಡುವಿನ ಕೆಲಸ’ ಎನ್ನುತ್ತದೆ. ಬಿಡುವಿನ ಕೆಲಸಕ್ಕೆ ಪೂರ್ತಿ ಕೂಲಿ ಯಾಕೆ ಎಂದು ಕೇಳುತ್ತದೆ. ಅವಳ ಲೇಸು ಸಮುದ್ರ ದಾಟಿ ಮಾರಾಟವಾಗುತ್ತದೆ, ಕೂಲಿ ಮಾತ್ರ ಹೊಸ್ತಿಲು ದಾಟುವುದಿಲ್ಲ. ನಮ್ಮ ಕೌದಿಗೂ ಈ ಮಾತು ಅಷ್ಟೇ ನಿಜ. ನಗರದ ಅಂಗಡಿಯಲ್ಲಿ ಕೌದಿಗೆ ಈಗ ಒಳ್ಳೆಯ ಬೆಲೆ ಇದೆ, ಸಂತೋಷ. ಆ ಬೆಲೆ ಹೊಲಿದವರ ಮನೆಯವರೆಗೆ ಹೋಗಬೇಕು. ಕೊಳ್ಳುವಾಗ ಯಾರು ಹೊಲಿದರು, ಎಷ್ಟು ದಿನ ಹೊಲಿದರು ಎಂದು ಕೇಳೋಣ. ಮನೆಗೆ ಕರೆದು ಹೊಲಿಸುವವರು ದಿನದ ಲೆಕ್ಕದಲ್ಲಿ, ಕಟ್ಟಡ ಕೆಲಸದವರಿಗೆ ಕೊಡುವ ಹಾಗೆ, ಪೂರ್ತಿ ಕೂಲಿ ಕೊಡೋಣ. ಕೈ ಉಳಿದರೆ ಮಾತ್ರ ಕೌದಿ ಉಳಿಯುತ್ತದೆ.

ಮಾಡಿ ನೋಡುವವರಿಗೆ ನನ್ನ ಅನುಭವದ ಎರಡು ಎಚ್ಚರಿಕೆ. ಸಿಂಥೆಟಿಕ್ ಪಟ್ಟಿಯ ಹೊದಿಕೆಯನ್ನು ಎಳೆಕೂಸಿಗೆ ಹೊದಿಸಬೇಡಿ, ಒಲೆ, ದೀಪದ ಹತ್ತಿರ ಒಯ್ಯಬೇಡಿ. ಬೆಂಕಿ ತಾಗಿದರೆ ಅದು ಕರಗಿ ಮೈಗೆ ಅಂಟುತ್ತದೆ. ಒಳಗೆ ತೆಳುವಾದ ಹತ್ತಿಯ ಚಾದರ ಹೊದ್ದು ಮೇಲೆ ಇದನ್ನು ಹಾಕಿಕೊಂಡರೆ, ಬೆವರನ್ನು ಚಾದರ ನೋಡಿಕೊಳ್ಳುತ್ತದೆ, ಚಳಿಯನ್ನು ಇದು ನೋಡಿಕೊಳ್ಳುತ್ತದೆ. ಒಗೆಯುವುದೂ ಹಗುರ. ಮಹಾನವಮಿಗೆ ಮುಂಚೆ ಕೌದಿಗಳನ್ನು ಹೊಳೆಗೆ ಒಯ್ದು, ನೆನೆದ ಕೌದಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಿದ್ದ ಶ್ರಮ ಇದಕ್ಕೆ ಬೇಕಿಲ್ಲ. ಕುಣಿಕೆಗಳ ನಡುವೆ ಗಾಳಿಯಾಡಿ ಸಂಜೆಗೆ ಒಣಗುತ್ತದೆ.

ಹೊಟ್ಟೆ ಎಲ್ಲಿದೆ?

ಎಡಗಡೆಯ ರಾಶಿಯ ದೊಡ್ಡ ಕೌದಿಗಳು ಎಂದೋ ಮುಗಿದಿದ್ದವು. ಸಂಕ್ರಾಂತಿಯ ಎದುರಿಗೆ, ಬಾಕಿ ಇದ್ದ ಕೂಸಿನ ಕೌದಿಯನ್ನು ಕೊಡಲು ಆ ಅಜ್ಜಿ ಮತ್ತೆ ಬಂದರು. ನನ್ನ ಹೊದಿಕೆಯನ್ನು ತಂದು ಅವರ ತೊಡೆಯ ಮೇಲೆ ಹರವಿದೆ. ತಾವು ಬೇಡವೆಂದು ಬಲಕ್ಕೆ ಇಟ್ಟ ಸೀರೆಗಳನ್ನು ಅವರು ಬಣ್ಣದಿಂದಲೇ ಗುರುತು ಹಿಡಿದರು. ಅಂದಿನ ಹಾಗೆಯೇ ಎರಡು ಬೆರಳ ನಡುವೆ ಒಂದು ಮೂಲೆ ತಿಕ್ಕಿದರು. ಕುಣಿಕೆಯೊಳಗೆ ಬೆರಳು ತೂರಿಸಿ ಎಳೆದು ನೋಡಿದರು. ಆಮೇಲೆ ನಡುಭಾಗವನ್ನು ತಡವುತ್ತ ಕೇಳಿದರು:

“ಚಲೋ ಆಗೇತಿ. ಇದರ ಹೊಟ್ಟಿ ಎಲ್ಲೈತಿ?”

ನನ್ನಲ್ಲಿ ಉತ್ತರ ಇರಲಿಲ್ಲ. ಕ್ರೋಶಾಕ್ಕೆ ಒಂದೇ ಪದರ. ಒಳಗು ಹೊರಗು ಎಂಬುದಿಲ್ಲ, ಏನನ್ನಾದರೂ ಮುಚ್ಚಿಡಲು ಜಾಗವೂ ಇಲ್ಲ. ಅವ್ವ ಎದ್ದು ಒಳಗೆ ಹೋದಳು. ಬರುವಾಗ ಮುಷ್ಟಿಯಲ್ಲಿ ಅಕ್ಕಿ ಇತ್ತು. ಹೊದಿಕೆಯ ಕೊನೆಯ ಕುಣಿಕೆಯಿಂದ ಗೇಣುದ್ದ ಪಟ್ಟಿ ಇನ್ನೂ ಇಳಿಬಿದ್ದಿತ್ತು, ಅವಳ ಹಸಿರು ಸೀರೆಯದು. ಅದರ ತುದಿಯಲ್ಲಿ ನಾಲ್ಕು ಕಾಳು ಇಟ್ಟು, ಸೆರಗಿನ ತುದಿಗೆ ಚಿಲ್ಲರೆ ಕಟ್ಟಿಕೊಳ್ಳುವ ಹಾಗೆ ಬಿಗಿಯಾಗಿ ಗಂಟು ಹಾಕಿದಳು. ಅಜ್ಜಿ ಆ ಗಂಟನ್ನು ಒಮ್ಮೆ ಎಳೆದು ನೋಡಿ, ಸರಿ ಎಂಬಂತೆ ತಲೆಯಾಡಿಸಿ, ಕೂಸಿನ ಕೌದಿಯ ಕೂಲಿ ಎಣಿಸಿಕೊಂಡರು.

ಒಗೆಯುವಾಗ ಆ ಗಂಟನ್ನು ಬಿಚ್ಚಿ, ಒಣಗಿದ ಮೇಲೆ ಹೊಸ ಅಕ್ಕಿ ಹಾಕಿ ಕಟ್ಟುತ್ತೇವೆ.